ಗಾಯದ ಮೇಲೆ ಕ್ಯಾಮೆರಾ ಎಷ್ಟು ಹೊತ್ತು ನಿಲ್ಲುತ್ತದೆ?

ಹಾರರ್ ಸಿನಿಮಾಗಳಲ್ಲಿ ಕ್ರೌರ್ಯ ಮಿತಿಮೀರಿದೆ ಎನ್ನುವವರು ಸಾಮಾನ್ಯವಾಗಿ ರಕ್ತದ ಲೆಕ್ಕ ಹಿಡಿಯುತ್ತಾರೆ. ಎಷ್ಟು ಲೀಟರ್ ಸುರಿಸಿದರು, ಎಷ್ಟು ಹೆಣ ಬಿದ್ದವು, ಯಾವ ಯಾವ ಅಂಗ ಕತ್ತರಿಸಿದರು. ಆ ಲೆಕ್ಕದಿಂದ ತಿಳಿಯುವುದು ಕಡಿಮೆ. ಡ್ರಮ್ಮುಗಟ್ಟಲೆ ರಕ್ತ ಸುರಿಸಿಯೂ ನಗಿಸುವ ಸಿನಿಮಾಗಳಿವೆ, ಒಂದೇ ಒಂದು ಉಗುರು ಕೀಳುವುದನ್ನು ತೋರಿಸಿ ವಾರಗಟ್ಟಲೆ ಕಾಡುವವೂ ಇವೆ. ಎಣಿಸಬೇಕಾದದ್ದು ಸೆಕೆಂಡುಗಳನ್ನು. ಏಟು ಬಿದ್ದ ಕ್ಷಣದಿಂದ ಕ್ಯಾಮೆರಾ ಬೇರೆಡೆ ತಿರುಗುವವರೆಗೆ ಎಷ್ಟು ಹೊತ್ತಾಯಿತು? ಅರವತ್ತು ವರ್ಷಗಳಲ್ಲಿ ನಿಜವಾಗಿ ಬೆಳೆದಿರುವುದು ಈ ಹೊತ್ತು.

1960ರ ‘ಸೈಕೋ’ದ ಸ್ನಾನದ ಮನೆಯ ಕೊಲೆಯನ್ನೇ ನೋಡಿ. ಇಡೀ ಕೊಲೆ ಸುಮಾರು 45 ಸೆಕೆಂಡಿನದು. ಅಷ್ಟಕ್ಕೆ ಎಪ್ಪತ್ತಕ್ಕೂ ಹೆಚ್ಚು ಕೋನಗಳಲ್ಲಿ ಕ್ಯಾಮೆರಾ ಇಟ್ಟು ಒಂದು ವಾರ ಚಿತ್ರೀಕರಿಸಿದರು. ಬಹುಪಾಲು ತುಣುಕುಗಳು ಒಂದು ಸೆಕೆಂಡಿನ ಆಸುಪಾಸಿನವು. ಕಪ್ಪು ಬಿಳುಪು ಚಿತ್ರವಾದ್ದರಿಂದ ರಕ್ತಕ್ಕೆ ಚಾಕೊಲೇಟ್ ಸಿರಪ್ ಸಾಕಾಯಿತು. ಇರಿತದ ಸದ್ದು ಬಂದದ್ದು ಕರ್ಬೂಜದ ಜಾತಿಯ ಹಣ್ಣಿಗೆ ಚಾಕು ಹಾಕಿ. ಚಾಕು ಮೈಯೊಳಗೆ ಇಳಿಯಿತು ಎಂದು ನಮಗೆ ಅನ್ನಿಸುವುದು ಕಣ್ಣು ಕಂಡದ್ದರಿಂದಲ್ಲ, ತುಣುಕುಗಳ ನಡುವಿನ ಕಂದರವನ್ನು ಮನಸ್ಸೇ ತುಂಬಿಕೊಂಡದ್ದರಿಂದ.

ಆಗಿನ ಅಮೆರಿಕದ ಸ್ಟುಡಿಯೋಗಳಿಗೆ ಒಂದು ನೀತಿಸಂಹಿತೆ ಇತ್ತು. 1934ರಿಂದ ಅದು ಬಿಗಿಯಾಗಿ ಜಾರಿಯಲ್ಲಿತ್ತು. ಕ್ರೂರ ಕೊಲೆಗಳನ್ನು ವಿವರವಾಗಿ ತೋರಿಸಕೂಡದು ಎನ್ನುವುದು ಅದರ ಒಂದು ನಿಯಮ. ಕೊಲೆ ಇರಬಹುದು, ವಿವರ ಇರಬಾರದು. ಸಿನಿಮಾದಲ್ಲಿ ವಿವರ ಅಂದರೆ ಹೊತ್ತೇ. 1968ರ ನವೆಂಬರಿನಲ್ಲಿ ಆ ಸಂಹಿತೆ ಹೋಗಿ ವಯಸ್ಸಿನ ರೇಟಿಂಗ್ ಬಂತು. ಆದರೆ ಗೋಡೆಯಲ್ಲಿ ಬಿರುಕು ಅದಕ್ಕೂ ಮೊದಲೇ ಬಿಟ್ಟಿತ್ತು. 1963ರ ‘ಬ್ಲಡ್ ಫೀಸ್ಟ್’ ಸ್ಟುಡಿಯೋಗಳ ಹೊರಗೆ, ಮಯಾಮಿಯಲ್ಲಿ, ಸುಮಾರು 24,500 ಡಾಲರಿನಲ್ಲಿ ತಯಾರಾದ ಬಣ್ಣದ ಚಿತ್ರ. ನಟನೆ ಕಳಪೆ, ಬೆಳಕು ಕಳಪೆ. ನಾಲಿಗೆ ಕೀಳುವ ದೃಶ್ಯಕ್ಕೆ ಕುರಿಯ ನಾಲಿಗೆ ತಂದಿದ್ದರು. ಆದರೂ ಅದು ಇತಿಹಾಸದಲ್ಲಿ ಉಳಿದದ್ದು ಕ್ಯಾಮೆರಾ ಗಾಯದ ಮೇಲೆ ನಿಂತುಬಿಟ್ಟದ್ದರಿಂದ. ಮಾರಲು ಅದರ ಬಳಿ ಬೇರೇನೂ ಇರಲಿಲ್ಲ.

ಹಾಗಾದರೆ ಉಳಿದವರೆಲ್ಲ ತಕ್ಷಣ ಆ ದಾರಿ ಯಾಕೆ ಹಿಡಿಯಲಿಲ್ಲ? ಸೆನ್ಸಾರಿನ ಭಯ ಒಂದು ಕಾರಣ ಮಾತ್ರ. ಇನ್ನೊಂದು ಕಾರಣವನ್ನು ವಿಮರ್ಶಕರು ಅಷ್ಟಾಗಿ ಹೇಳುವುದಿಲ್ಲ: ನಕಲಿ ಗಾಯಕ್ಕೆ ಅಷ್ಟು ಹೊತ್ತು ಕ್ಯಾಮೆರಾ ಎದುರಿಸುವ ತಾಕತ್ತು ಇರಲಿಲ್ಲ.

ಮೊದಲು ರಕ್ತ. ಮೇಕಪ್ ಕಲಾವಿದ ಡಿಕ್ ಸ್ಮಿತ್ ಅವರ ಪಾಕ ಇವತ್ತಿಗೂ ಈ ಕಸುಬಿನ ಅ ಆ ಇ ಈ. ಒಂದು ಲೀಟರಿಗೆ ತುಸು ಕಡಿಮೆ ಬಿಳಿ ಕಾರ್ನ್ ಸಿರಪ್, ಕೆಡದಿರಲು ಒಂದು ಚಮಚ ಮೀಥೈಲ್ ಪ್ಯಾರಾಬೆನ್, ಸುಮಾರು 60 ಎಂಎಲ್ ಕೆಂಪು ಆಹಾರ ಬಣ್ಣ, ಐದು ಚಮಚ ಹಳದಿ, ಮತ್ತೆ ಸುಮಾರು 60 ಎಂಎಲ್ ಫೋಟೋ‑ಫ್ಲೋ. ಈ ಕೊನೆಯದು ಫಿಲ್ಮ್ ತೊಳೆಯುವಾಗ ಬಳಸುತ್ತಿದ್ದ ದ್ರವ. ಅದಿಲ್ಲದಿದ್ದರೆ ಸಿರಪ್ ಬಟ್ಟೆಯ ಮೇಲೆ ಮಣಿಮಣಿಯಾಗಿ ನಿಲ್ಲುತ್ತದೆ, ಒಳಗೆ ಇಂಗುವುದಿಲ್ಲ. ಆದರೆ ಅದು ವಿಷ. ಆದ್ದರಿಂದ ಬಾಯಿಗೆ ಹಾಕುವ ರಕ್ತದಲ್ಲಿ ಅದನ್ನು ಸೇರಿಸಲೇಬಾರದು, ಬಾಯಿಯ ರಕ್ತವನ್ನು ಬೇರೆ ಡಬ್ಬಿಯಲ್ಲಿ ಚೀಟಿ ಅಂಟಿಸಿ ಇಡಬೇಕು. ಹಳದಿ ಯಾಕೆಂದರೆ, ಬರೀ ಕೆಂಪು ಬಣ್ಣ ತೆಳುವಾಗಿ ಹರಡಿದಾಗ ಗುಲಾಬಿಯಾಗಿ ಕಾಣುತ್ತದೆ. ಇಂದಿನ ಡಿಜಿಟಲ್ ಕ್ಯಾಮೆರಾದಲ್ಲಿ ಇನ್ನೊಂದು ತೊಂದರೆ ಇದೆ. ಗಾಢ ಕೆಂಪು ಸೆನ್ಸರಿನ ಮಿತಿ ದಾಟಿ ವಿವರ ಕಳೆದುಕೊಂಡು ಪ್ಲಾಸ್ಟಿಕ್ಕಿನಂತೆ ಹೊಳೆಯುತ್ತದೆ. ಅದಕ್ಕೇ ಕಂದು, ಇಲ್ಲವೇ ಒಂದೆರಡು ಹನಿ ನೀಲಿ ಸೇರಿಸಿ ಕೆಂಪನ್ನು ತಗ್ಗಿಸುತ್ತಾರೆ. ಚಳಿಯಲ್ಲಿ ಸಿರಪ್ ಗಟ್ಟಿಯಾಗಿ ಕೊಳವೆ ಕಟ್ಟಿಕೊಳ್ಳುತ್ತದೆ. ಪಂಪಿನಿಂದ ಚಿಮ್ಮಿಸುವ ರಕ್ತ ನೀರಾಗಿರಬೇಕು, ಗಾಯದಲ್ಲಿ ನಿಲ್ಲುವ ರಕ್ತ ಮಂದವಾಗಿರಬೇಕು. ಎರಡಕ್ಕೂ ಒಂದೇ ಬಾಟಲಿ ಬಳಸಿದರೆ ಎರಡೂ ಸುಳ್ಳಾಗಿ ಕಾಣುತ್ತವೆ.

ನಕಲಿ ಚರ್ಮದ ಕಥೆ ಇದಕ್ಕಿಂತ ದೊಡ್ಡದು. ದಶಕಗಳ ಕಾಲ ಈ ಕೆಲಸಕ್ಕೆ ಫೋಮ್ ಲೇಟೆಕ್ಸ್ ಬಳಸುತ್ತಿದ್ದರು. ದ್ರವ ರಬ್ಬರನ್ನು ನೊರೆ ಬರುವಂತೆ ಕಡೆದು, ಅಚ್ಚಿಗೆ ಸುರಿದು, ಕಡಿಮೆ ಶಾಖದ ಒಲೆಯಲ್ಲಿ ಗಂಟೆಗಟ್ಟಲೆ ಬೇಯಿಸುವುದು. ಹಗುರ, ನಟನ ಮುಖದ ಜೊತೆ ಚೆನ್ನಾಗಿ ಆಡುತ್ತದೆ. ಆದರೆ ಅಪಾರದರ್ಶಕ. ನಿಜವಾದ ಚರ್ಮದೊಳಗೆ ಬೆಳಕು ತುಸು ಇಳಿದು, ಕೆಂಪಾಗಿ ಹೊರಬರುತ್ತದೆ. ಲೇಟೆಕ್ಸಿನಲ್ಲಿ ಬೆಳಕು ಮೇಲ್ಮೈಯಲ್ಲೇ ನಿಂತುಬಿಡುತ್ತದೆ. ಎಷ್ಟು ಚೆನ್ನಾಗಿ ಬಣ್ಣ ಹಚ್ಚಿದರೂ ಮೂರನೇ ಸೆಕೆಂಡಿನಲ್ಲಿ ಕ್ಲೋಸಪ್ಪು ಗುಟ್ಟು ಬಿಟ್ಟುಕೊಡುತ್ತದೆ. ಎಡಿಟರ್ ಅದಕ್ಕೂ ಮೊದಲೇ ಕಟ್ ಮಾಡಲೇಬೇಕು.

ಪ್ಲಾಟಿನಂ ಸಿಲಿಕೋನ್ ಈ ಮಿತಿಯನ್ನು ಒಡೆಯಿತು. ಎ ಮತ್ತು ಬಿ ಎಂಬ ಎರಡು ದ್ರವಗಳನ್ನು ಸಾಮಾನ್ಯವಾಗಿ ಸಮಪ್ರಮಾಣದಲ್ಲಿ ಬೆರೆಸಿದರೆ ಕೋಣೆಯ ಉಷ್ಣತೆಯಲ್ಲೇ ಹೆಪ್ಪುಗಟ್ಟುತ್ತದೆ. ಬಣ್ಣವನ್ನು ಮೇಲೆ ಹಚ್ಚದೆ ಒಳಗೇ ಕಲಸುತ್ತಾರೆ. ನವಿರಾದ ಕೆಂಪು, ನೀಲಿ ಎಳೆಗಳ ಪುಡಿ ಉದುರಿಸಿದರೆ ಚರ್ಮದಡಿಯ ಸಣ್ಣ ರಕ್ತನಾಳಗಳಂತೆ ಕಾಣುತ್ತವೆ. ಮಾಂಸದ ಮೆತುವು ಬರಲು ಡೆಡನರ್ ಎಂಬ ಮೂರನೇ ದ್ರವ ಸೇರಿಸಬೇಕು. ಎ, ಬಿ ಎರಡರ ಒಟ್ಟು ತೂಕದ ಅರ್ಧದಷ್ಟರಿಂದ ಶುರುಮಾಡಿ, ಬೇಕಾದಷ್ಟು ಮೆತ್ತಗಾಗುವವರೆಗೆ ಹೆಚ್ಚಿಸುತ್ತಾ ಹೋಗುವುದು ವಾಡಿಕೆ. ಅತಿಯಾದರೆ ಹೀಗೆ ಎರಕ ಹೊಯ್ದ ನಕಲಿ ಚರ್ಮದ ತುಂಡು ಎಣ್ಣೆ ಬಿಡುತ್ತದೆ, ಅಂಚು ಚರ್ಮಕ್ಕೆ ಅಂಟುವುದಿಲ್ಲ. ಹೊಸಬರು ಎಡವುವ ಜಾಗ ಇನ್ನೊಂದು: ಗಂಧಕವಿರುವ ಜೇಡಿಯಲ್ಲಿ ಅಚ್ಚು ತೆಗೆದರೆ, ಅಥವಾ ಲೇಟೆಕ್ಸ್ ಕೈಗವಸು ಹಾಕಿಕೊಂಡು ಕಲಸಿದರೆ, ಸಿಲಿಕೋನ್ ಗಟ್ಟಿಯಾಗುವುದೇ ಇಲ್ಲ, ಮೇಲ್ಮೈ ಅಂಟಂಟಾಗಿ ಉಳಿಯುತ್ತದೆ. ನೈಟ್ರೈಲ್ ಕೈಗವಸು ಹಾಕಬೇಕು, ಜೇಡಿ ಗಂಧಕರಹಿತವಾಗಿರಬೇಕು.

ಕೊಯ್ಯುವ ದೃಶ್ಯಕ್ಕೆ ತುಂಡನ್ನು ಪದರ ಪದರವಾಗಿ ಕಟ್ಟುತ್ತಾರೆ. ಕೆಳಗೆ ಕಡುಗೆಂಪು ಸ್ನಾಯು, ಅದರ ಮೇಲೆ ಹಳದಿ ಕೊಬ್ಬು, ಎಲ್ಲಕ್ಕೂ ಮೇಲೆ ತೆಳು ಚರ್ಮ. ಆ ಕೊಬ್ಬಿನ ಪದರ ಮರೆತರೆ ಗಾಯ ಟೊಮೆಟೊ ಹೋಳಿನಂತಿರುತ್ತದೆ. ಚರ್ಮವನ್ನು ಮೊದಲೇ ಸೀಳಿ, ಮತ್ತೆ ಸುಳಿವು ಸಿಗದಂತೆ ಮುಚ್ಚಿರುತ್ತಾರೆ. ಚಾಕು ಮೊಂಡು. ಕ್ಯಾಮೆರಾಕ್ಕೆ ಕಾಣದ ಬದಿಯಲ್ಲಿ ಸಣ್ಣ ಕೊಳವೆ. ನಟ ಚಾಕು ಎಳೆದಂತೆ ಇನ್ನೊಬ್ಬರು ಸಿರಿಂಜು ಒತ್ತುತ್ತಾರೆ. ಇಬ್ಬರ ವೇಗ ಹೊಂದದಿದ್ದರೆ ರಕ್ತ ಚಾಕುವಿಗಿಂತ ಮೊದಲೇ ಬರುತ್ತದೆ, ಟೇಕ್ ಹೋಯಿತು. ಸೀಳಿದ ತುಂಡನ್ನು ಮತ್ತೆ ಬಳಸಲಾಗದು. ಮೂರು ಟೇಕ್ ಬೇಕೆಂದರೆ ಮೂರು ತುಂಡು ಎರಕ ಹೊಯ್ದಿರಬೇಕು.

1980ರ ‘ಫ್ರೈಡೇ ದ ತರ್ಟೀನ್ತ್’ನಲ್ಲಿ ಮಂಚದ ಕೆಳಗಿನಿಂದ ಕುತ್ತಿಗೆಗೆ ಬಾಣ ತೂರಿ ಬರುವ ಶಾಟ್ ಹೀಗೆಯೇ ಒಂದೇ ತುಂಡಿನ ಮೇಲೆ ನಿಂತಿತ್ತು. ನಟನ ತಲೆ ನಿಜ, ಕುತ್ತಿಗೆ ಮತ್ತು ಎದೆ ನಕಲಿ. ಶೂಟಿಂಗ್ ನಡೆಯುತ್ತಿದ್ದಾಗಲೇ ರಕ್ತದ ಪಂಪಿನ ಕೊಳವೆ ಕಳಚಿಕೊಂಡಿತು. ಮಂಚದಡಿ ಇದ್ದ ಸಹಾಯಕ ಕೊಳವೆಯನ್ನು ಬಾಯಿಗಿಟ್ಟು ಊದಿದ. ಆ ಉಸಿರಿನ ಒತ್ತಡದಿಂದಲೇ ತೆರೆಯ ಮೇಲೆ ರಕ್ತ ಚಿಮ್ಮಿದ್ದು. ಇಂಥ ಶಾಟು ಚಿಕ್ಕದಾಗಿರುವುದು ಅನಿವಾರ್ಯ. ಸಿಲಿಕೋನ್ ಬಂದ ಮೇಲೆ ಆ ಅನಿವಾರ್ಯ ತಪ್ಪಿತು. ಇಪ್ಪತ್ತು ಸೆಕೆಂಡಿನ ಕ್ಲೋಸಪ್ಪಿನಲ್ಲೂ ಚರ್ಮ ಚರ್ಮವಾಗಿಯೇ ಇರುತ್ತದೆ. ಹೆಚ್ಚು ಹೊತ್ತು ತೋರಿಸಬಹುದು ಎಂದಾದ ಮೇಲೆ ಹೆಚ್ಚು ಹೊತ್ತು ತೋರಿಸತೊಡಗಿದರು. ಕ್ರೌರ್ಯದ ಹೆಚ್ಚಳಕ್ಕೆ ಸಮಾಜದ ಮನಸ್ಥಿತಿ, ಯುದ್ಧ, ಸುದ್ದಿವಾಹಿನಿ ಎಂದು ದೊಡ್ಡ ಕಾರಣ ಹುಡುಕುವವರು ಈ ಸಣ್ಣ, ಅಂಟಂಟಾದ ಕಾರಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎನ್ನುವುದು ನನ್ನ ವಾದ.

ದುಡ್ಡಿನ ಕಾರಣವಂತೂ ಎಲ್ಲರಿಗೂ ಗೊತ್ತಿದ್ದದ್ದೇ. 2004ರ ‘ಸಾ’ ಸುಮಾರು 12 ಲಕ್ಷ ಡಾಲರಿನಲ್ಲಿ, 18 ದಿನಗಳಲ್ಲಿ ಚಿತ್ರೀಕರಣ ಮುಗಿಸಿ, 10 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಕಾಲು ಕೊಯ್ದುಕೊಳ್ಳುವ ಪ್ರಸಿದ್ಧ ದೃಶ್ಯದಲ್ಲಿ ಅದು ಹೆಚ್ಚಾಗಿ ತೋರಿಸುವುದು ಮುಖವನ್ನು, ಕೇಳಿಸುವುದು ಗರಗಸವನ್ನು. ಗಾಯದ ಮೇಲೆ ಕ್ಯಾಮೆರಾ ಊರಿ ನಿಂತದ್ದು ಮುಂದಿನ ಭಾಗಗಳಲ್ಲಿ. ‘ಹಾಸ್ಟೆಲ್’ ಬಂದ ಮೇಲೆ, 2006ರಲ್ಲಿ, ವಿಮರ್ಶಕ ಡೇವಿಡ್ ಎಡೆಲ್‌ಸ್ಟೀನ್ ಈ ಬಗೆಯ ಚಿತ್ರಗಳಿಗೆ ‘ಟಾರ್ಚರ್ ಪೋರ್ನ್’ ಎಂಬ ಹೆಸರು ಚಲಾವಣೆಗೆ ತಂದರು. ಅದೇ ಹೊತ್ತಿಗೆ ಡಿವಿಡಿ ಮಾರುಕಟ್ಟೆ ಬಿಸಿಯಾಗಿತ್ತು. ರೇಟಿಂಗಿಗಾಗಿ ಕತ್ತರಿಸಿದ ಸೆಕೆಂಡುಗಳನ್ನು ಮರಳಿ ಸೇರಿಸಿ, ‘ರೇಟಿಂಗ್ ಇಲ್ಲದ ಆವೃತ್ತಿ’ ಎಂದು ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕಿ ಮಾರಿದರು. ಹೊತ್ತಿಗೇ ಬೆಲೆ ಕಟ್ಟಿದಂತಾಯಿತು. 2007ರ ‘ಹಾಸ್ಟೆಲ್’ ಎರಡನೇ ಭಾಗ ಮೊದಲನೆಯದರ ಅರ್ಧದಷ್ಟೂ ಗಳಿಸದೆ ಹೋದಾಗ ಈ ಅಲೆ ಇಳಿಯಿತು ಎಂದುಕೊಂಡರು. ಇಳಿಯಲಿಲ್ಲ. 2022ರ ‘ಟೆರಿಫೈಯರ್ 2’ಕ್ಕೆ ಖರ್ಚಾದದ್ದು ಸುಮಾರು ಎರಡೂವರೆ ಲಕ್ಷ ಡಾಲರ್, ಗಳಿಕೆ ಒಂದು ಕೋಟಿಗೂ ಮೇಲೆ. 2024ರ ಮೂರನೇ ಭಾಗ ರೇಟಿಂಗ್ ಇಲ್ಲದೆಯೇ ದೊಡ್ಡ ಚಿತ್ರಮಂದಿರಗಳಿಗೆ ಹೋಯಿತು. ಆ ಸರಣಿಯ ನಿರ್ದೇಶಕ ಡೇಮಿಯನ್ ಲಿಯೋನ್ ಸ್ವತಃ ಮೇಕಪ್ ಎಫೆಕ್ಟ್ಸ್ ಕಲಾವಿದ ಎನ್ನುವುದು ನನ್ನ ವಾದಕ್ಕೆ ಪುಷ್ಟಿ ಕೊಡುವ ಸಂಗತಿ. ತುಂಡು ತಯಾರಿಸಿದವನೇ ಕ್ಯಾಮೆರಾ ಎಲ್ಲಿರಬೇಕೆಂದು ಹೇಳುವವನು. ಎರಡನೇ ಭಾಗದ ಮಲಗುವ ಕೋಣೆಯ ದೃಶ್ಯದಲ್ಲಿ ಹುಡುಗಿ ಸಾಯುವುದೇ ಇಲ್ಲ. ಇನ್ನು ಮುಗಿಯಿತು ಅನ್ನುವಷ್ಟರಲ್ಲಿ ಅವಳಿನ್ನೂ ಉಸಿರಾಡುತ್ತಿರುತ್ತಾಳೆ. ಕೆಲಸಗಾರಿಕೆ ಅದ್ಭುತ. ಆದರೆ ಅವಳು ಯಾರು, ಅವಳಿಗೆ ಏನು ಬೇಕಿತ್ತು ಎನ್ನುವುದಕ್ಕೆ ಸಿನಿಮಾ ಅದರ ಕಾಲುಭಾಗ ಹೊತ್ತನ್ನೂ ಕೊಡಲಿಲ್ಲ. ನನ್ನ ತಕರಾರು ಅಲ್ಲಿದೆ.

ನಮ್ಮ ಕಾವ್ಯಮೀಮಾಂಸೆ ಇಲ್ಲಿ ನೆರವಿಗೆ ಬರುತ್ತದೆ. ಭಯಾನಕ ಮತ್ತು ಬೀಭತ್ಸ ಎರಡು ಬೇರೆ ರಸಗಳು. ಮೊದಲನೆಯದರ ಸ್ಥಾಯಿಭಾವ, ಅಂದರೆ ಅದರ ಮೂಲಭಾವ, ಭಯ, ಎರಡನೆಯದರದು ಜುಗುಪ್ಸೆ. ನಾಟ್ಯಶಾಸ್ತ್ರ ಬೀಭತ್ಸದಲ್ಲೂ ಬಗೆ ಮಾಡಿ, ರಕ್ತ ಮೊದಲಾದವುಗಳಿಂದ ಹುಟ್ಟುವುದನ್ನು ಕ್ಷೋಭಜ ಎಂದಿತು, ಹೇಸಿಗೆ ಮತ್ತು ಹುಳುಗಳಿಂದ ಹುಟ್ಟುವುದನ್ನು ಉದ್ವೇಗಿ ಎಂದಿತು. ಹಾರರ್ ಎಂಬ ಒಂದೇ ಹೆಸರಿನಡಿ ಭಯಾನಕವನ್ನು ಕೇಳಿ ಬಂದವರಿಗೆ ಈಗ ಕ್ಷೋಭಜವನ್ನು ಬಡಿಸುತ್ತಿದ್ದಾರೆ.

ಈ ಭೇದ ದೇಹಕ್ಕೂ ಗೊತ್ತು. ಭಯದಲ್ಲಿ ಎದೆಬಡಿತ ಏರುತ್ತದೆ, ಓಡಲು ಮೈ ಸಜ್ಜಾಗುತ್ತದೆ. ರಕ್ತ, ಸೀಳಿದ ಮಾಂಸ ಕಂಡಾಗ ಕೆಲವರಲ್ಲಿ ಬಡಿತ ಮೊದಲು ಏರಿ ನಂತರ ಏಕಾಏಕಿ ಇಳಿಯುತ್ತದೆ, ರಕ್ತದೊತ್ತಡ ಕುಸಿದು ಕಣ್ಣು ಕತ್ತಲೆ ಬರುತ್ತದೆ. ಚಿತ್ರಮಂದಿರದಲ್ಲಿ ಮೂರ್ಛೆ ಹೋಗುವವರು ಪುಕ್ಕಲರಲ್ಲ, ಅವರ ನರಮಂಡಲದ ಪ್ರತಿಕ್ರಿಯೆಯೇ ಹಾಗೆ. ಇದಕ್ಕೆ ಚಿಕಿತ್ಸಕರು ಕಲಿಸುವ ಒಂದು ಉಪಾಯವಿದೆ. ತೋಳು, ಎದೆ, ಕಾಲುಗಳ ಸ್ನಾಯುಗಳನ್ನು 10ರಿಂದ 15 ಸೆಕೆಂಡು, ಮುಖ ಬೆಚ್ಚಗಾಗುವವರೆಗೆ ಬಿಗಿಹಿಡಿಯಬೇಕು. ಆಮೇಲೆ 20ರಿಂದ 30 ಸೆಕೆಂಡು ಸಹಜ ಸ್ಥಿತಿಗೆ ಬಿಡಬೇಕು, ಪೂರ್ತಿ ಸಡಿಲ ಬಿಡಬಾರದು. ಹೀಗೆ ಐದು ಸಲ. ದೀರ್ಘ ಉಸಿರು ತೆಗೆದುಕೊಂಡು ಮೈ ಸಡಿಲಿಸಿ ಎಂಬ ಎಂದಿನ ಬುದ್ಧಿಮಾತು ಇಲ್ಲಿ ಉಲ್ಟಾ ಹೊಡೆಯುತ್ತದೆ, ಯಾಕೆಂದರೆ ರಕ್ತದೊತ್ತಡ ಆಗಲೇ ಇಳಿಯುತ್ತಿರುತ್ತದೆ.

ಬೀಭತ್ಸ ಕೀಳು ಎಂದು ನಾನು ಹೇಳುತ್ತಿಲ್ಲ. ಅದನ್ನು ಮಾಡುವ ಕೈಗಳ ಮೇಲೆ ನನಗೆ ಅಪಾರ ಗೌರವವಿದೆ. ಕೇಳಬೇಕಾದದ್ದು, ಆ ಹೊತ್ತಿನಲ್ಲಿ ಕ್ಯಾಮೆರಾ ಯಾರ ಪಕ್ಕ ನಿಂತಿದೆ ಎಂದು. 1974ರ ‘ಟೆಕ್ಸಸ್ ಚೈನ್ ಸಾ ಮ್ಯಾಸಕರ್’ನಲ್ಲಿ ಹುಡುಗಿಯನ್ನು ಮಾಂಸದ ಕೊಕ್ಕೆಗೆ ಸಿಕ್ಕಿಸುವ ದೃಶ್ಯವಿದೆ. ಕೊಕ್ಕೆ ಬೆನ್ನಿಗೆ ಇಳಿಯುವುದನ್ನು ತೋರಿಸುವುದೇ ಇಲ್ಲ. ಅವಳ ಕೆಳಗೆ ಒಂದು ತೊಟ್ಟಿ ಇಟ್ಟಿದ್ದಾರೆ, ಅಷ್ಟೇ. ರಕ್ತ ಬೀಳುವುದನ್ನು ಆ ತೊಟ್ಟಿಯೇ ಸೂಚಿಸುತ್ತದೆ. ಅಲ್ಲೂ ಹೊತ್ತು ದೀರ್ಘವೇ, ಆದರೆ ಅದು ಅವಳ ಮುಖದ ಹೊತ್ತು.

ಇದನ್ನು ಪರೀಕ್ಷಿಸುವುದು ಕಷ್ಟವಲ್ಲ. ನೋಡಿರುವ ಒಂದು ದೃಶ್ಯವನ್ನು ಗಡಿಯಾರ ಹಿಡಿದು ಮತ್ತೆ ನೋಡಿ. ಗಾಯಕ್ಕೆ ಎಷ್ಟು ಸೆಕೆಂಡು, ನೋಯುವವರ ಮುಖಕ್ಕೆ ಎಷ್ಟು, ನೋಯಿಸುವವರ ಮುಖಕ್ಕೆ ಎಷ್ಟು ಎಂದು ಮೂರು ಸಾಲಿನಲ್ಲಿ ಬರೆದಿಡಿ. ಆಮೇಲೆ ಸದ್ದು ತೆಗೆದು ನೋಡಿ. ಮೂಳೆ ಮುರಿಯುವ ಸದ್ದು ಸೆಲರಿ ದಂಟಿನದು, ಮಾಂಸ ಹರಿಯುವುದು ಒದ್ದೆ ಚರ್ಮದ ಬಟ್ಟೆಯದು ಅಥವಾ ಹಣ್ಣಿನದು. ಅವು ಹೋದ ಮೇಲೂ ದೃಶ್ಯ ನಿಲ್ಲುತ್ತದೆಯೇ ಎಂದು ಗಮನಿಸಿ. ಮೂರನೇ ಸಾಲಿನ ಅಂಕಿ ಎರಡನೆಯದಕ್ಕಿಂತ ದೊಡ್ಡದಿದ್ದರೆ, ಸಿನಿಮಾ ನಿಮ್ಮನ್ನು ಯಾವ ಕುರ್ಚಿಯಲ್ಲಿ ಕೂರಿಸಿದೆ ಎಂದು ಕೈಬರಹದಲ್ಲೇ ಸಿಕ್ಕಂತಾಯಿತು.

ನೋಡುವ ಮೊದಲೇ ತಿಳಿಯಬೇಕೆಂದರೆ, ವಯಸ್ಸಿನ ರೇಟಿಂಗನ್ನು ಬಿಟ್ಟು ಅದರ ಕೆಳಗಿನ ಸಣ್ಣ ಅಕ್ಷರ ಓದಿ. ‘ಸಾ’ ಮತ್ತು ‘ಹಾಸ್ಟೆಲ್’ ಎರಡಕ್ಕೂ ಅಮೆರಿಕದಲ್ಲಿ ಸಿಕ್ಕಿದ್ದು ಒಂದೇ ‘ಆರ್’ ರೇಟಿಂಗ್. ಆದರೆ ಮೊದಲನೆಯದಕ್ಕೆ ಕೊಟ್ಟ ಕಾರಣ ತೀವ್ರವಾದ ಘೋರ ಹಿಂಸೆ, ಎರಡನೆಯದಕ್ಕೆ ಚಿತ್ರಹಿಂಸೆಯ ಬರ್ಬರ ದೃಶ್ಯಗಳು. ಹಿಂಸೆ ಒಂದು ಏಟಿನಲ್ಲಿ ಮುಗಿಯಬಹುದು. ಚಿತ್ರಹಿಂಸೆ ಎಂದು ಬರೆದಿದ್ದರೆ, ಕ್ಯಾಮೆರಾ ಅಲ್ಲಿಂದ ಬೇಗ ಹೊರಡುವುದಿಲ್ಲ ಎಂದೇ ತಿಳಿದು ಟಿಕೆಟ್ ತೆಗೆದುಕೊಳ್ಳಿ.