ಕೊನೆಯ ಸಲ ಯಾವಾಗ?

“ಮಗು ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?”

ಫೋನಿನ ಆ ಕಡೆಯಿಂದ ಡಾಕ್ಟರು ಕೇಳಿದರು. “ಈಗೊಂದು ಗಂಟೆಯಾಯ್ತು,” ಎಂದೆ. ತಡವರಿಸಲೇ ಇಲ್ಲ. ಬಚ್ಚಲುಮನೆಯ ಬಾಗಿಲಿಗೆ ಒರಗಿ ಕೂತಿದ್ದ ಹೆಂಡತಿ ತಲೆಯೆತ್ತದೆಯೇ ಹೇಳಿದಳು: “ಅದು ದೊಡ್ಡವನದು.”

ಬುಧವಾರ ರಾತ್ರಿಯ ಈ ಮೂರು ಮಾತು ಇವತ್ತು ಭಾನುವಾರದವರೆಗೂ ನನ್ನ ಕಿವಿ ಬಿಟ್ಟು ಹೋಗಿಲ್ಲ. ಪಾತ್ರೆ ತೊಳೆಯುವಾಗ ಕೇಳಿಸುತ್ತದೆ, ಹಾಸಿಗೆ ಮಡಚುವಾಗ ಕೇಳಿಸುತ್ತದೆ. ಅವಳ ದನಿಯಲ್ಲಿ ಸಿಟ್ಟಿದ್ದರೆ ನನಗೂ ಜಗಳಕ್ಕೊಂದು ದಾರಿ ಇರುತ್ತಿತ್ತು. ಸಿಟ್ಟಿರಲಿಲ್ಲ. ಲೆಕ್ಕದ ಪುಸ್ತಕದಲ್ಲಿ ತಪ್ಪು ಸಾಲಿಗೆ ಹೋದ ಅಂಕಿಯನ್ನು ಸರಿಯಾದ ಸಾಲಿಗೆ ಹಾಕಿದ ಹಾಗೆ ಹೇಳಿದಳು, ಮತ್ತೆ ಬಕೆಟ್ಟಿನ ಕಡೆ ಬಾಗಿದಳು.

ಶುರುವಾದದ್ದು ಸೋಮವಾರ ರಾತ್ರಿ, ಮಗಳಿಂದ. ನಾಲ್ಕು ವರ್ಷದವಳು. ಹಾಸಿಗೆಯ ನಟ್ಟನಡುವೆ, ತನ್ನದೇ ವಾಂತಿಯ ನಡುವೆ ನಿಂತುಕೊಂಡು, “ನಾನಲ್ಲ” ಎಂದಳು. ಬುಧವಾರ ಬೆಳಿಗ್ಗೆ ಅವಳಿಗಳು. ಹತ್ತು ತಿಂಗಳಿನವರು, ನಾಲ್ಕು ನಿಮಿಷದ ಅಂತರದಲ್ಲಿ ಹುಟ್ಟಿದ್ದಕ್ಕೆ ಒಬ್ಬ ದೊಡ್ಡವನು, ಒಬ್ಬ ಚಿಕ್ಕವನು. ಸಂಜೆಯ ಹೊತ್ತಿಗೆ ಹೆಂಡತಿ. ಇಷ್ಟು ಬೇಗ ಒಬ್ಬರಿಂದೊಬ್ಬರಿಗೆ ದಾಟಿದೆ, ಮಕ್ಕಳಿಗೆ ಭೇದಿ ತರುವ ಇನ್ನೊಂದು ವೈರಸ್ಸಾದ ರೋಟಾದ ಲಸಿಕೆ ಬೇರೆ ಆಗಿದೆ, ನೋರೋವೈರಸ್ ಇರಬಹುದು ಎಂದರು ಡಾಕ್ಟರು. ಮೈ ಸೇರಿದ 12ರಿಂದ 48 ಗಂಟೆಯೊಳಗೆ ಎದ್ದು ಕೂರುವ ಜಾತಿಯದಂತೆ. ಪರೀಕ್ಷೆ ಮಾಡಿಸಲಿಲ್ಲ, ಹೆಸರು ಗೊತ್ತಾದರೂ ಮಾಡುವ ಕೆಲಸ ಅದೇ.

ಅಕ್ಕ ಫೋನು ಮಾಡಿ, “ಹಲ್ಲು ಬರ್ತಿರಬೇಕು ಕಣೋ, ಆಗ ಭೇದಿ ಆಗೋದೇ,” ಎಂದಳು. ಹಾಗಿದ್ದರೆ ನನ್ನ ಹೆಂಡತಿಗೂ ಹಲ್ಲು ಬರುತ್ತಿದೆ ಎಂದೆ. ಫೋನಿಟ್ಟಳು. ಅಕ್ಕ ಒಳ್ಳೆಯವಳೇ, ಆದರೆ ಯಾವ ಕಾಯಿಲೆಗೂ ಅವಳು ಎದ್ದು ಬಂದದ್ದಿಲ್ಲ, ಸಲಹೆ ಮಾತ್ರ ಬರುತ್ತದೆ.

ಅವಳನ್ನು ಆಡಿಕೊಳ್ಳಲು ನನಗೇನು ಹಕ್ಕಿದೆ ಎಂಬುದು ಬೇರೆ ಮಾತು. ಮಗಳು ಮಲಗಿದ ಮಂಗಳವಾರವೇ ನಾನು ದೊಡ್ಡದೊಂದು ಸ್ಯಾನಿಟೈಸರ್ ಬಾಟಲಿ ತಂದು ಬಾಗಿಲ ಬಳಿ ಕಾವಲಿಗಿಟ್ಟಿದ್ದೆ. ಮಕ್ಕಳನ್ನು ಮುಟ್ಟುವ ಮುಂಚೆ ಎರಡು ಸಲ ಒತ್ತಿಕೊಂಡು, ಎಲ್ಲರಿಗೂ ಒತ್ತಿಸಿ, ಮನೆಯನ್ನು ಉಳಿಸಿದೆ ಎಂದುಕೊಂಡಿದ್ದೆ. ಈ ವೈರಸ್ಸಿಗೆ ಸುತ್ತ ಕೊಬ್ಬಿನ ಪೊರೆ ಇಲ್ಲ, ಆದ್ದರಿಂದ ಆಲ್ಕೋಹಾಲು ಅದಕ್ಕೆ ಅಷ್ಟಾಗಿ ತಾಗುವುದಿಲ್ಲ, ಸೋಪು ಹಾಕಿ ಹರಿಯುವ ನೀರಿನಲ್ಲಿ ತಿಕ್ಕಿಯೇ ಕಳೆಯಬೇಕು, ನೆಲಕ್ಕೆ ಬ್ಲೀಚೇ ಬೇಕು ಎಂದು ಆಮೇಲೆ ತಿಳಿಯಿತು. ನೂರಕ್ಕಿಂತ ಕಡಿಮೆ ಕಣಗಳು ಒಳಹೊಕ್ಕರೂ ಸಾಕಂತೆ. ನಾನು ಮಂಗಳವಾರವಿಡೀ ಸುವಾಸನೆಯ ಕೈಗಳಿಂದ ಅದನ್ನು ಮಗಳಿಂದ ಮಕ್ಕಳಿಗೆ ಹೊತ್ತು ಹಾಕಿದೆನೋ ಏನೋ.

ಓಆರ್‌ಎಸ್ ವಿಷಯದಲ್ಲೂ ಹಾಗೇ. ಒಂದು ಲೀಟರ್ ಈ ಪುಟ್ಟ ಮಕ್ಕಳಿಗೆ ಯಾಕೆ ಎಂದು ಅರ್ಧ ಪೊಟ್ಟಣವನ್ನು ಒಂದು ಲೋಟಕ್ಕೆ ಕಲಸಿದ್ದೆ. ನೆಟ್ಟಗೆ ನಿಲ್ಲಲೂ ಆಗದ ಹೆಂಡತಿ ಲೋಟವನ್ನು ಕಿತ್ತುಕೊಂಡು ಸಿಂಕಿಗೆ ಸುರಿದಳು. ಅದರಲ್ಲಿ ಗ್ಲೂಕೋಸು ಸೋಡಿಯಮ್ಮಿನ ಕೈ ಹಿಡಿದು ಕರುಳಿನ ಗೋಡೆ ದಾಟುತ್ತದೆ, ಅವೆರಡರ ಹಿಂದೆ ನೀರು ಹೋಗುತ್ತದೆ. ಭೇದಿಯ ನಡುವೆಯೂ ಆ ಒಂದು ಬಾಗಿಲು ಮುಚ್ಚಿರುವುದಿಲ್ಲ. ಆದರೆ ಅಳತೆ ತಪ್ಪಿ ಗಟ್ಟಿಯಾದರೆ ಉಪ್ಪು ಅತಿಯಾಗಿ ಮಗುವಿಗೇ ಅಪಾಯ. ಪೊಟ್ಟಣದ ಮೇಲೆ ಬರೆದಿದೆ. ನಾನು ಓದಿರಲಿಲ್ಲ, ಅವಳು ಓದಿದ್ದಳು.

ಫೋನಿಗೆ ಮರಳಿದರೆ, ಚಿಕ್ಕವನು ಮಧ್ಯಾಹ್ನದಿಂದ ಮೂತ್ರ ಮಾಡಿರಲಿಲ್ಲ. ನೀರಿನಂಥ ಭೇದಿಯಲ್ಲಿ ಡಯಾಪರ್ ಒದ್ದೆಯಾದದ್ದು ಯಾವುದರಿಂದ ಎಂದು ಹೇಳುವುದು ಕಷ್ಟ ಎಂದು ನಾನು ವಾದಿಸಬಹುದಿತ್ತು. ಆದರೆ ನಾನು ಉತ್ತರ ಕೊಟ್ಟದ್ದು ಕಷ್ಟಪಟ್ಟು ಯೋಚಿಸಿ ಅಲ್ಲ. ಕೇಳಿದರು, ಬಾಯಿಗೆ ಬಂದದ್ದನ್ನು ಹೇಳಿದೆ. ಗೊತ್ತಿಲ್ಲ ಎನ್ನುವುದಕ್ಕಿಂತ ಸುಳ್ಳು ಬೇಗ ಬಂತು.

ಡಾಕ್ಟರಿಗೂ ಆ ಮಾತು ಕೇಳಿಸಿತ್ತೆಂದು ಕಾಣುತ್ತದೆ. ಆಮೇಲೆ ಅವರು ಏನನ್ನೂ ನನ್ನ ನೆನಪಿಗೆ ಬಿಡಲಿಲ್ಲ. “ಮಗು ಎತ್ತಿಕೊಳ್ಳಿ. ಬಾಯೊಳಗೆ ಬೆರಳಿಡಿ, ಒದ್ದೆ ಇದೆಯಾ? ಅಳುವಾಗ ಕಣ್ಣೀರು ಬರ್ತಿದೆಯಾ? ನೆತ್ತಿ ಸವರಿ, ಗುಳಿ ಬಿದ್ದಿದೆಯಾ?” ಒಂದೊಂದನ್ನೂ ಮುಟ್ಟಿ ಹೇಳಿದೆ. ಹತ್ತು ತಿಂಗಳಲ್ಲಿ ಆ ನೆತ್ತಿಯನ್ನು ನಾನು ಎಷ್ಟೋ ಸಲ ಮುತ್ತಿಟ್ಟಿದ್ದೇನೆ, ಎಷ್ಟು ತಗ್ಗಾಗಿರಬೇಕು ಎಂದು ಒಮ್ಮೆಯೂ ನೋಡಿಕೊಂಡಿರಲಿಲ್ಲ. ಹೋಲಿಸಲು ದೊಡ್ಡವನ ನೆತ್ತಿ ಸವರಬೇಕಾಯಿತು. ಚಿಕ್ಕವನದು ತುಸು ಇಳಿದಿತ್ತು. ಎದೆಹಾಲು ನಿಲ್ಲಿಸಬೇಡಿ, ಒಂದೆರಡು ನಿಮಿಷಕ್ಕೊಂದು ಚಮಚ ಓಆರ್‌ಎಸ್ ಕೊಡಿ, ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ, ಎರಡು ಗಂಟೆಯಲ್ಲಿ ಮೂತ್ರ ಬರದಿದ್ದರೆ, ಅಥವಾ ಮಂಕಾದರೆ ಆಗಲೇ ಆಸ್ಪತ್ರೆಗೆ ಹೊರಡಿ ಎಂದರು.

ಎರಡು ನಿಮಿಷಕ್ಕೊಮ್ಮೆ 5 ಮಿಲಿಲೀಟರ್ ಅಂದರೆ ಗಂಟೆಗೆ 150. ಕೇಳಲು ಎಷ್ಟು ಸುಲಭ! ಒಂದು ತೊಡೆಯ ಮೇಲೆ ಒಬ್ಬ, ಇನ್ನೊಂದರ ಮೇಲೆ ಇನ್ನೊಬ್ಬ. ಚಮಚ ಎತ್ತಿದಾಗಲೆಲ್ಲ ಮೊದಲ ಬಾರಿಗೆ ನನ್ನೊಳಗೆ ಪ್ರಶ್ನೆ: ಹಿಂದಿನದು ಯಾರಿಗೆ? ಮಗಳ ಬಣ್ಣದ ಪೆನ್ಸಿಲು ತೆಗೆದುಕೊಂಡು ಗೋಡೆಯ ಕ್ಯಾಲೆಂಡರಿನ ಅಂಚಿಗೆ ಗೀಟು ಎಳೆಯತೊಡಗಿದೆ, ದೊಡ್ಡವನಿಗೆ ಕೆಂಪು, ಚಿಕ್ಕವನಿಗೆ ಹಸಿರು. ಅತ್ತ ಹೆಂಡತಿ ಬಕೆಟ್ಟಿನಿಂದ ಮುಖ ಎತ್ತಿ, ಬಾಯಿ ಒರೆಸಿಕೊಂಡು, “ಕೊಡು” ಎಂದು ಕೈ ಚಾಚುತ್ತಿದ್ದಳು. ಹಾಲೂಡಿಸಿ ಮಗುವನ್ನು ವಾಪಸು ಕೊಟ್ಟು ಮತ್ತೆ ಬಕೆಟ್ಟಿಗೆ.

ಆ ರಾತ್ರಿ ಚಮಚಗಳ ನಡುವೆ ಮೊಬೈಲಿನಲ್ಲಿ ಓದಿದ್ದು: 1971ರಲ್ಲಿ ಬಾಂಗ್ಲಾ ಯುದ್ಧದ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿ, ರಕ್ತನಾಳಕ್ಕೆ ಏರಿಸುವ ಸಲೈನು ಸಾಲದೇ ಹೋದಾಗ ಡಾ. ದಿಲೀಪ್ ಮಹಲನಬಿಸ್ ಉಪ್ಪು-ಗ್ಲೂಕೋಸಿನ ನೀರನ್ನು ಕುಡಿಸುವುದಕ್ಕೆ ಇಳಿದರು. ಶೇಕಡಾ 30ರ ಆಸುಪಾಸಿದ್ದ ಸಾವು 4ಕ್ಕಿಂತ ಕೆಳಗಿಳಿಯಿತು. ಅವರೇ ಎಲ್ಲರಿಗೂ ಕುಡಿಸಲಾಗದು. ಲೋಟ ಕೊಟ್ಟದ್ದು ರೋಗಿಯ ಪಕ್ಕದಲ್ಲಿ ಕೂತಿದ್ದ ಮನೆಯವರ ಕೈಗೆ. ನನ್ನ ಅರ್ಧ ಪೊಟ್ಟಣ ನೆನಪಾಗಿ ಓದುವುದನ್ನು ಅಲ್ಲಿಗೇ ನಿಲ್ಲಿಸಿದೆ.

ರಾತ್ರಿ ಹನ್ನೊಂದೂ ನಲವತ್ತಕ್ಕೆ, ಮತ್ತೆ ಮೋಸ ಹೋಗಬಾರದೆಂದು ಡಯಾಪರ್ ಬಿಚ್ಚಿಯೇ ಮಲಗಿಸಿಕೊಂಡಿದ್ದ ಚಿಕ್ಕವನು, ನನ್ನ ಅಂಗಿಯ ಎದೆಗೆ ಸರಿಯಾಗಿ ಉಚ್ಚೆ ಹೊಯ್ದ. “ಹೊಯ್ದ! ಚಿಕ್ಕವನೇ! ನಾನೇ ನೋಡಿದೆ!” ಎಂದು ಕೂಗಿದ ರಭಸಕ್ಕೆ ಮಗಳು ಎದ್ದು ಕೂತಳು. ಹೆಂಡತಿ ಬಕೆಟ್ಟು ಹಿಡಿದೇ ನಕ್ಕಳು.

ಗುರುವಾರ ಸಂಜೆ ನನ್ನ ಸರದಿ. ನಾನು ಕಾಯಿಲೆ ಬಿದ್ದರೆ ಮನೆಯ ಎಲ್ಲ ಕೋಣೆಗೂ ತಿಳಿಯುವ ಹಾಗೆ ಬೀಳುತ್ತೇನೆ. ಆಗಷ್ಟೇ ಚೇತರಿಸಿಕೊಂಡಿದ್ದ ಅವಳು ಬಂದು, ಮುಖದಲ್ಲೊಂದು ಗೆರೆಯೂ ಅಲುಗಿಸದೆ ಕೇಳಿದಳು: “ಕೊನೆಯ ಸಲ ಮೂತ್ರ ಮಾಡಿದ್ದು ಯಾವಾಗ?” ಅದೊಂದು ಮಾತ್ರ ನನಗೆ ಕರಾರುವಾಕ್ಕಾಗಿ ಗೊತ್ತಿತ್ತು. ಬುಧವಾರ ರಾತ್ರಿಯಿಡೀ ಎರಡು ಮಕ್ಕಳಿಗೆ ಹಾಲೂಡಿಸಿದವಳಿಗೆ ಕ್ಯಾಲೆಂಡರಿನಲ್ಲಿ ಯಾವ ಬಣ್ಣವೂ ಇಲ್ಲ ಎಂಬುದು ಗೋಡೆಯ ಕಡೆ ತಿರುಗಿ ಮಲಗಿದಾಗ ಕಾಣಿಸಿತು.

ವಾಂತಿ-ಭೇದಿ ನಿಂತರೂ ವೈರಸ್ ಎರಡು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಮಲದಲ್ಲಿ ಹೊರಬೀಳುತ್ತಿರುತ್ತದಂತೆ. ಹಾಗಾಗಿ ಇನ್ನೂ ಸೋಪು, ಇನ್ನೂ ಬ್ಲೀಚು, ಬೆರಳ ತುದಿಯ ಚರ್ಮ ಸುಲಿದಿದೆ.

ನಿನ್ನೆ ಅಪ್ಪನಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅಪ್ಪ ಪೂರ್ತಿ ಕೇಳಿಸಿಕೊಂಡು, “ನಿಮಗೆ ಮೂವರಿಗೂ ಚಿಕ್ಕವರಿದ್ದಾಗ ಇಂಥದ್ದೇನೂ ಬಂದಿರಲಿಲ್ಲ ನೋಡು,” ಎಂದರು. ನಾನು ಡಾಕ್ಟರಿಗೆ “ಒಂದು ಗಂಟೆ” ಎಂದ ದನಿಯೇ ಅದು, ಅಷ್ಟೇ ನಿಶ್ಚಿಂತೆ. ಅಷ್ಟರಲ್ಲಿ ಫೋನು ಅಮ್ಮನ ಕೈಗೆ ಹೋಗಿತ್ತು.

“ನಿನಗೆ ಒಂಬತ್ತು ತಿಂಗಳು. ಎರಡು ದಿನ ಒಂದೇ ಸಮ. ಅಳೋದನ್ನೂ ನಿಲ್ಲಿಸಿಬಿಟ್ಟಿದ್ದೆ. ಎರಡು ರಾತ್ರಿ ಚಮಚ ಹಿಡಿದು ಕೂತಿದ್ದೆ. ಮೂರನೇ ಬೆಳಿಗ್ಗೆ ಮಡಿಲು ಒದ್ದೆ ಮಾಡಿದೆ, ಆಮೇಲೆ ನಾನು ಮಲಗಿದೆ.”

ಅವಳ ಹಿಂದಿನಿಂದ ಅಪ್ಪನ ದನಿ ಕೇಳಿಸಿತು.

“ಯಾವಾಗ?”