ಮೊಟ್ಟೆ ಕಂಡ ಬೆಳಗಿನಿಂದ ಮುಂಗಾಲು ಮೂಡುವವರೆಗೆ

ಬೆಳಿಗ್ಗೆ ಟ್ಯಾಂಕಿನ ತಳದ ಕಲ್ಲುಗಳ ಮೇಲೆ ಪುಟ್ಟ ಪುಟ್ಟ ಲೋಳೆ ಮುದ್ದೆಗಳು, ಅವುಗಳ ತುದಿಯಲ್ಲಿ ಟೊಪ್ಪಿಗೆಯ ಹಾಗೆ ಬಿಳಿ ವೀರ್ಯ ಕಂಡರೆ ರಾತ್ರಿ ಆಕ್ಸೊಲೊಟಲ್ (ಹಲ್ಲಿಯಂತೆ ಕಾಣುವ, ನೀರಿನಲ್ಲೇ ಬಾಳುವ ಮೆಕ್ಸಿಕೊದ ಸಾಲಮ್ಯಾಂಡರ್ ಎಂಬ ಉಭಯಚರಿ) ಜೋಡಿ ಕೂಡಿದೆ ಎಂದೇ ಲೆಕ್ಕ. ಗಂಡು ಬಾಲ ಕುಣಿಸುತ್ತಾ ಮುಂದೆ ಸಾಗಿ ಇವನ್ನು ನೆಲಕ್ಕೆ ಅಂಟಿಸುತ್ತದೆ. ಹಿಂದೆಯೇ ಬರುವ ಹೆಣ್ಣು ಬಾಲದ ಬುಡದ ರಂಧ್ರದಿಂದ ವೀರ್ಯವನ್ನು ಒಳಗೆಳೆದುಕೊಳ್ಳುತ್ತದೆ. ನುಣುಪಾದ ಗಾಜಿನ ಮೇಲೆ ಮುದ್ದೆಗಳು ಸರಿಯಾಗಿ ಅಂಟುವುದಿಲ್ಲ. ಹಾಗಾಗಿ ಜೋಡಿ ಬಿಡುವ ಮೊದಲೇ ಒರಟು ಮೈಯ ಚಪ್ಪಟೆ ಕಲ್ಲುಗಳನ್ನು ಹಾಕಿಡಬೇಕು. ಕಲ್ಲು ಪ್ರಾಣಿಯ ತಲೆಗಿಂತ ದೊಡ್ಡದಿರಲಿ, ಚಿಕ್ಕದಾದರೆ ನುಂಗಿಬಿಡುತ್ತವೆ. ಮೊಟ್ಟೆ ಅಂಟಿಸಲು ಜಾವಾ ಮಾಸ್ ಎಂಬ ಪಾಚಿಯಂಥ ನೀರುಗಿಡ ಇಲ್ಲವೇ ಪ್ಲಾಸ್ಟಿಕ್ ಗಿಡ ಬೇಕು. ಹೆಣ್ಣಿಗೆ ಕನಿಷ್ಠ ಒಂದೂವರೆ ವರ್ಷ ತುಂಬಿರಬೇಕು ಎನ್ನುವುದರಲ್ಲಿ ನನಗೆ ರಾಜಿಯಿಲ್ಲ.

ಒಂದೆರಡು ದಿನದಲ್ಲಿ ಹೆಣ್ಣು ಎಲೆಯಿಂದ ಎಲೆಗೆ ಹೋಗಿ ಒಂದೊಂದೇ ಮೊಟ್ಟೆ ಅಂಟಿಸುತ್ತದೆ. ಒಟ್ಟು ನೂರರಿಂದ ಸಾವಿರದವರೆಗೂ ಹೋಗಬಹುದು. ಇಟ್ಟು ಮುಗಿದೊಡನೆ ಗಿಡದ ಸಮೇತ ಮೊಟ್ಟೆಗಳನ್ನು ಬೇರೆ ಟ್ಯಾಂಕಿಗೆ ಸಾಗಿಸಬೇಕು, ಇಲ್ಲದಿದ್ದರೆ ಹೆತ್ತವೇ ತಿಂದುಹಾಕುತ್ತವೆ. ಗಂಡನ್ನೂ ಆಗಲೇ ಬೇರ್ಪಡಿಸಬೇಕು. ಅದು ಮತ್ತೆ ಬೆನ್ನು ಹತ್ತುತ್ತದೆ, ಹೆಣ್ಣಿಗೋ ಕೆಲವು ತಿಂಗಳಾದರೂ ಬಿಡುವು ಬೇಕು.

ಎಷ್ಟು ಮರಿ ಸಾಕುವುದು ಎಂಬ ತೀರ್ಮಾನವೂ ಆ ದಿನದ್ದೇ. ಮೂವತ್ತು ನಲವತ್ತು ಮರಿಗಳೇ ಒಬ್ಬರಿಗೆ ಕೈತುಂಬಾ ಕೆಲಸ. ಉಳಿದ ಮೊಟ್ಟೆಗಳನ್ನು ಭ್ರೂಣ ರೂಪ ತಾಳುವ ಮೊದಲೇ ಫ್ರೀಜರಿನಲ್ಲಿಡಬೇಕು. ಮನಸ್ಸಿಗೆ ಕಷ್ಟವೇ, ಆದರೆ ನೂರಾರು ಮರಿಗಳು ಹಸಿವಿನಿಂದ ಸಾಯುವುದನ್ನು ನೋಡುವುದು ಇನ್ನೂ ಕಷ್ಟ. ಭಾರತದಲ್ಲಿ ಸಾಕುವವರಿಗೆ ಕಾನೂನಿನ ಹೊಣೆಯೂ ಉಂಟು. ಈ ಪ್ರಾಣಿ ಸೈಟಿಸ್ (ವನ್ಯಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಪಟ್ಟಿಯಲ್ಲಿರುವುದರಿಂದ, ವನ್ಯಜೀವಿ ಕಾಯ್ದೆಗೆ 2022ರಲ್ಲಿ ಆದ ತಿದ್ದುಪಡಿಯಂತೆ ಅದನ್ನು ನೋಂದಾಯಿಸಬೇಕು, ಮರಿಗಳಾದದ್ದನ್ನೂ ತಿಳಿಸಬೇಕು.

ಮೊಟ್ಟೆಯ ಆರೈಕೆ ಸರಳ: ಕ್ಲೋರಿನ್ ತೆಗೆದ ನೀರು, ಏರ್ ಸ್ಟೋನಿನಿಂದ ಮೆಲ್ಲಗೆ ಏಳುವ ಗುಳ್ಳೆ, 16ರಿಂದ 20 ಡಿಗ್ರಿ ತಂಪು. 20 ಡಿಗ್ರಿಯಲ್ಲಿ ಸುಮಾರು ಎರಡು ವಾರಕ್ಕೆ ಒಡೆಯುತ್ತವೆ, ತಂಪು ಹೆಚ್ಚಿದ್ದರೆ ಮೂರು ವಾರದ ಆಸುಪಾಸು. ಬೆಂಗಳೂರಿನ ಏಪ್ರಿಲ್ ಸೆಕೆಯಲ್ಲಿ ನೀರು ತಂಪಾಗಿಸುವ ಚಿಲ್ಲರ್ ಇಲ್ಲದೆ ಇದಕ್ಕೆ ಕೈಹಾಕಬೇಡಿ. ಫಲಿಸದ ಮೊಟ್ಟೆ ಬೆಳ್ಳಗಾಗಿ ಅದರ ಮೇಲೆ ಬೂಷ್ಟು ಹತ್ತಿಯಂತೆ ಬೆಳೆಯುತ್ತದೆ, ಪಕ್ಕದ್ದಕ್ಕೂ ಹಬ್ಬುತ್ತದೆ. ಅಂಥದ್ದನ್ನು ದಿನಾ ಡ್ರಾಪರಿನಿಂದ ತೆಗೆಯಬೇಕು.

ಆದರೆ ಬಿಳಿ ಎಂದಾಕ್ಷಣ ಎಸೆಯಬೇಡಿ. ತಾಯಿ ಆಲ್ಬಿನೊ (ಹುಟ್ಟಿನಿಂದಲೇ ಮೈಯಲ್ಲಿ ಕಪ್ಪು ಬಣ್ಣವಿಲ್ಲದ್ದು) ಆಗಿದ್ದರೆ ಒಳ್ಳೆಯ ಮೊಟ್ಟೆಯೂ ಬಿಳಿಯೇ, ಏಕೆಂದರೆ ಮೊಟ್ಟೆಯ ಬಣ್ಣ ತಾಯಿಯದು. ಅಂಥಲ್ಲಿ ನಾಲ್ಕೈದು ದಿನ ಕಾಯಬೇಕು. ಜೀವವಿರುವುದು ಉದ್ದಕ್ಕೆ ತಿರುಗಿ ಒಂದು ಕಡೆ ಬಾಗುತ್ತದೆ, ಸತ್ತದ್ದು ದುಂಡಗೇ ಉಳಿದು ಮಸುಕಾಗುತ್ತದೆ. ಈ ಆಲ್ಬಿನೊ ಗುಣ ಬಂದದ್ದು 1962ರಲ್ಲಿ ಅಮೆರಿಕದ ಪ್ರಯೋಗಾಲಯದಲ್ಲಿ ಟೈಗರ್ ಸಾಲಮ್ಯಾಂಡರ್ ಎಂಬ ಹತ್ತಿರದ ಜಾತಿಯ ಜೊತೆ ಮಾಡಿದ ಸಂಕರದಿಂದ. ಇವುಗಳ ಮೂಲ ನೆಲೆಯಾದ ಮೆಕ್ಸಿಕೊ ನಗರದ ಸೊಚಿಮಿಲ್ಕೊ ಕಾಲುವೆಗಳಲ್ಲಿ 1998ರಲ್ಲಿ ಚದರ ಕಿಲೋಮೀಟರಿಗೆ ಆರು ಸಾವಿರದಷ್ಟಿದ್ದ ಆಕ್ಸೊಲೊಟಲ್ 2014ರ ಹೊತ್ತಿಗೆ 36ಕ್ಕೆ ಇಳಿದಿತ್ತು. ಹಾಗೆಂದು ನಮ್ಮ ಟ್ಯಾಂಕಿನ ಮರಿಗಳಿಂದ ಆ ಕೊರತೆ ತುಂಬಲಾಗದು. ಇವುಗಳಲ್ಲಿ ಬೇರೆ ಜಾತಿಯ ರಕ್ತ ಬೆರೆತಿದೆ, ರೋಗ ಒಯ್ಯುವ ಭಯವೂ ಇದೆ. ಮೆಕ್ಸಿಕೊದಲ್ಲಾಗಲಿ ನಮ್ಮ ಕೆರೆಯಲ್ಲಾಗಲಿ ಇವನ್ನು ಬಿಡಲೇಬಾರದು.

ಮೊಟ್ಟೆಯೊಡೆದ ಮರಿ ಒಂದು ಸೆಂಟಿಮೀಟರಿಗಿಂತ ತುಸು ಉದ್ದ. ಎರಡು ಮೂರು ದಿನ ಹೊಟ್ಟೆಯೊಳಗಿನ ಹಳದಿಯೇ ಅದಕ್ಕೆ ಆಹಾರ. ನಿಜವಾದ ಕಷ್ಟ ಆಮೇಲಿನದು. ಈ ಮರಿಗಳಿಗೆ ಅಲುಗಾಡುವುದು ಮಾತ್ರ ಆಹಾರ, ಸತ್ತದ್ದನ್ನು ಮೂಸುವುದೂ ಇಲ್ಲ. ಆರ್ಟೀಮಿಯಾ ಎಂಬ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಮರಿಗಳೇ ಉತ್ತಮ. ಅದರ ಒಣ ಮೊಟ್ಟೆಗಳಿಗೆ ಬಾಟಲಿಯಲ್ಲಿ ಒಂದು ಲೀಟರ್ ನೀರಿಗೆ 25 ಗ್ರಾಂ ಅಯೋಡಿನ್ ರಹಿತ ಉಪ್ಪು, 26–28 ಡಿಗ್ರಿ ಶಾಖ, ಜೋರು ಗಾಳಿ ಕೊಟ್ಟರೆ 24ರಿಂದ 36 ಗಂಟೆಯಲ್ಲಿ ಒಡೆಯುತ್ತವೆ. ಗಾಳಿ ನಿಲ್ಲಿಸಿ ಪಕ್ಕದಿಂದ ಬೆಳಕು ಬಿಟ್ಟರೆ ಕೇಸರಿ ಬಣ್ಣದ ಮರಿಗಳು ಬೆಳಕಿನತ್ತ ಗುಂಪಾಗುತ್ತವೆ. ಹೀರಿ ತೆಗೆದು, ಸಣ್ಣ ನೇಯ್ಗೆಯ ಬಟ್ಟೆಯಲ್ಲಿ ಸೋಸಿ, ಸಿಹಿನೀರಿನಲ್ಲಿ ತೊಳೆದು ಹಾಕಬೇಕು. ಎರಡು ಬಾಟಲಿಗಳನ್ನು ಒಂದು ದಿನದ ಅಂತರದಲ್ಲಿ ಶುರುಮಾಡಿ, ಒಂದು ಕೈಕೊಟ್ಟರೆ ಇನ್ನೊಂದಿರುತ್ತದೆ. ಸಿಹಿನೀರಿನಲ್ಲಿ ಆರ್ಟೀಮಿಯಾ ಕೆಲವೇ ಗಂಟೆ ಬದುಕುತ್ತದೆ. ಉಳಿದದ್ದು ಕೊಳೆತು ಅಮೋನಿಯಾ ಏರಿದರೆ ಒಂದೇ ರಾತ್ರಿಯಲ್ಲಿ ಮರಿಗಳು ಸಾಲಾಗಿ ಸಾಯುತ್ತವೆ. ಆದ್ದರಿಂದ ದಿನಕ್ಕೆ ಎರಡು ಸಲ ಊಟ, ದಿನವೂ ನೀರು ಬದಲು.

ಮುಂಗಾಲು ಮೂಡುವುದು ಸುಮಾರು ಎರಡು ಸೆಂಟಿಮೀಟರ್ ಆದಾಗ. ಆಗಲೇ ಪಕ್ಕದವರ ಕಾಲು, ಕಿವಿರು ಕಚ್ಚುವ ಚಟವೂ ಶುರು. ಕಚ್ಚಿಸಿಕೊಂಡ ಕಾಲು ಮತ್ತೆ ಬೆಳೆಯುತ್ತದೆ, ಆದರೆ ಕಿವಿರು ಹರಿದ, ಹಸಿದ ಮರಿ ಹಿಂದುಳಿದು ದೊಡ್ಡದರ ಬಾಯಿಗೆ ಹೋಗುತ್ತದೆ. ಗಾತ್ರಕ್ಕೆ ತಕ್ಕಂತೆ ವಾರಕ್ಕೊಮ್ಮೆ ವಿಂಗಡಿಸಿ, ತೀರಾ ದೊಡ್ಡವನ್ನು ಒಂಟಿ ಡಬ್ಬಿಗೆ ಹಾಕಿ. ಐದು ಸೆಂಟಿಮೀಟರ್ ದಾಟಿ ಹಿಂಗಾಲೂ ಗಟ್ಟಿಯಾದರೆ ಎರೆಹುಳುವನ್ನು ಸಣ್ಣಗೆ ಹೆಚ್ಚಿ ಕೊಡಬಹುದು. ಅಲ್ಲಿಂದ ಆರ್ಟೀಮಿಯಾ ಬಾಟಲಿಗಳ ಗೊಡವೆ ಇಲ್ಲ.