ಅಘನಾಶಿನಿಯ ಕೆಳಗಿನ ಅರ್ಧ

ಉತ್ತರ ಕನ್ನಡದ ಅಘನಾಶಿನಿ ಹೊಳೆ ಅಂದ ಕೂಡಲೇ ಜಾಸ್ತಿ ಜನ ಉಂಚಳ್ಳಿ ಜಲಪಾತದ ಫೋಟೊ ಹಾಕುತ್ತಾರೆ. 116 ಮೀಟರ್ ಎತ್ತರ, ಮಳೆಗಾಲದಲ್ಲಿ ಚೆಂದವೇ. ಆದರೆ ಈ ಕಣಿವೆಯ ಜನ ಹೇಗೆ ಬದುಕುತ್ತಾರೆ ಅಂತ ನೋಡಬೇಕಾದರೆ ಅಲ್ಲಿಂದ ಕೆಳಗಿಳಿದು ಕುಮಟಾ ಕಡೆಯ ಗಜನಿ ಗದ್ದೆಗಳವರೆಗೂ ಬರಬೇಕು.

ಮೇಲೆ ಶಿರಸಿ, ಸಿದ್ದಾಪುರದ ಅಡಿಕೆ ತೋಟಗಳು. ತೋಟಕ್ಕೆ ಸೊಪ್ಪು, ದರಕು (ಒಣ ಎಲೆ) ಬೇಕು, ಅದನ್ನು ತರುವ ಕಾಡೇ ಸೊಪ್ಪಿನ ಬೆಟ್ಟ. ಬ್ರಿಟಿಷರ ಕಾಲದಲ್ಲಿ ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಬೆಟ್ಟ ಬಿಟ್ಟುಕೊಟ್ಟಿದ್ದರು. ಹೊಳೆದಂಡೆಯಲ್ಲಿ ಅಪ್ಪೆಮಿಡಿ ಮಾವಿನ ಮರಗಳು. (ಮಿಡಿ ಉಪ್ಪಿನಕಾಯಿ ವಿಷಯ ಶುರು ಮಾಡಿದರೆ ಇದು ಮುಗಿಯುವುದಿಲ್ಲ, ಬಿಡಿ.)

ಕೆಳಗಿನದು ಬೇರೆಯೇ ಲೋಕ. ಉಬ್ಬರ ಬಂದಾಗ ಉಪ್ಪುನೀರು ಹೊಳೆಯೊಳಗೆ ದೂರದವರೆಗೂ ಏರುತ್ತದೆ. ಅದರ ಪಕ್ಕದ ತಗ್ಗು ಗದ್ದೆಗಳೇ ಗಜನಿ. ಅಲ್ಲಿ ಬೆಳೆಯುವುದು ಕಗ್ಗ ಭತ್ತ. ಉಪ್ಪಿಗೆ ಜಗ್ಗುವುದಿಲ್ಲ, ಕೆಲವು ದಿನ ನೀರಲ್ಲಿ ಮುಳುಗಿದರೂ ಸಾಯುವುದಿಲ್ಲ, ಗೊಬ್ಬರವನ್ನೂ ಕೇಳುವುದಿಲ್ಲ. ತೆನೆ ಮಾತ್ರ ಕೊಯ್ದು ಹುಲ್ಲನ್ನು ಅಲ್ಲೇ ಬಿಡುತ್ತಾರೆ, ಅದು ನೀರಲ್ಲಿ ಕೊಳೆತು ಮೀನು, ಸಿಗಡಿಗೆ ಮೇವಾಗುತ್ತದೆ, ಭತ್ತ ಮುಗಿದ ಮೇಲೆ ಅದೇ ಗದ್ದೆಯಲ್ಲಿ ಮೀನು ಹಿಡಿಯುತ್ತಾರೆ. ಒಡ್ಡು ಕಾಯುವುದು ಮಾತ್ರ ಒಬ್ಬರಿಂದಾಗುವ ಕೆಲಸವಲ್ಲ. ಒಂದು ಕಡೆ ಒಡೆದರೂ ಎಲ್ಲರ ಗದ್ದೆಗೂ ಉಪ್ಪುನೀರು ನುಗ್ಗುತ್ತದೆ. ಸಿಗಡಿ ಸಾಕಣೆಯಲ್ಲಿ ದುಡ್ಡು ಕಂಡ ಮೇಲೆ ಕಗ್ಗ ಬಿತ್ತುವವರು ಕಡಿಮೆಯಾದರು, ಅವರನ್ನು ದೂರುವುದು ಹೇಗೆ ಹೇಳಿ?

ನೀರಿಳಿದಾಗ ಹೆಂಗಸರು ಬಳಚು (ತಿನ್ನುವ ಚಿಪ್ಪುಜೀವಿ) ಆರಿಸಲು ಹೊಳೆಗಿಳಿಯುತ್ತಾರೆ. ಸಾಣಿಕಟ್ಟೆಯಲ್ಲಿ ಅದೇ ಉಪ್ಪುನೀರು ಒಣಗಿ ಉಪ್ಪಾಗುತ್ತದೆ.

ಇಷ್ಟೆಲ್ಲಾ ನಡೆಯುತ್ತಿರುವುದು ಹೊಳೆಗೆ ಎಲ್ಲೂ ದೊಡ್ಡ ಅಣೆಕಟ್ಟು ಇಲ್ಲ ಅನ್ನುವ ಕಾರಣಕ್ಕೆ. ಮೇಲಿಂದ ಸಿಹಿನೀರು, ಗೋಡು ಮಣ್ಣು ಬರುತ್ತಿರಬೇಕು. ಅದು ಕಡಿಮೆಯಾದರೆ ಉಪ್ಪಿನ ಅಂಶ ಏರುತ್ತದೆ, ಬಳಚು ಉಳಿಯುವುದು ಕಷ್ಟ. 2024ರಲ್ಲಿ, ಹೊಳೆ ಸಮುದ್ರ ಸೇರುವ ಈ ಅಳಿವೆಗೆ ರಾಮ್ಸರ್ ಪಟ್ಟಿಯಲ್ಲಿ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಯಲ್ಲಿ, ಜಾಗ ಸಿಕ್ಕಿತು, ಸಂತೋಷ. ಆದರೆ ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಘಟ್ಟದ ಮೇಲಿಂದ ನೀರು ಬರುತ್ತದೆಯೇ?

ಪಶ್ಚಿಮಕ್ಕೆ ಹರಿಯುವ ನೀರೆಲ್ಲ ಸುಮ್ನೆ ಸಮುದ್ರ ಸೇರಿ ಹಾಳಾಗುತ್ತದೆ, ಬಯಲುಸೀಮೆಗೆ ತಿರುಗಿಸಿ ಅನ್ನುವ ಮಾತು ಆಗಾಗ ಬರುತ್ತದೆ. ಆಗ ಮೇಲಿನವರು ತೋಟ, ಕಾಡಿನ ಬಗ್ಗೆ ಮಾತಾಡುತ್ತಾರೆ, ಸರಿಯೇ. ನನಗನ್ನಿಸುವುದು, ಅಂಥ ಸಭೆಗಳಲ್ಲಿ ಬಳಚು ಆರಿಸುವ ಹೆಂಗಸರಿಗೂ ಮೈಕು ಕೊಡಬೇಕು, ಅದೂ ಕೊನೆಗೆ ಎಲ್ಲರೂ ಊಟಕ್ಕೆ ಏಳುವ ಹೊತ್ತಿಗಲ್ಲ, ಮೊದಲಿಗೇ.